ವಿಯೆಟ್ನಾಂ ಬೆಳೆದರೆ ಚನ್ನಪಟ್ಟಣದ ಹುಡುಗಿಗೇನು?

ಸುಮಾರು 10 ಕೋಟಿ ಜನರಿರುವ ವಿಯೆಟ್ನಾಂ 2024ರಲ್ಲಿ ರಫ್ತು ಮಾಡಿದ ಸರಕಿನ ಮೌಲ್ಯ 40,000 ಕೋಟಿ ಡಾಲರ್ ದಾಟಿತು. 140 ಕೋಟಿ ಜನರಿರುವ ನಮ್ಮ ದೇಶದ ಸರಕು ರಫ್ತು ಅದಕ್ಕಿಂತ ತುಸು ಮಾತ್ರ ಹೆಚ್ಚು. ಇಂಥ ಅಂಕಿ ಕಂಡಾಗಲೆಲ್ಲ, ಹೊರದೇಶಗಳು ಬೆಳೆದಷ್ಟೂ ನಮ್ಮ ಮಕ್ಕಳ ಕೆಲಸ ಹೋಗುತ್ತದೆ ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿದ್ದುಕೊಂಡು ಆ ಮಾತನ್ನು ಒಪ್ಪುವುದು ನನಗೆ ಸಾಧ್ಯವಾಗುತ್ತಿಲ್ಲ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದ ಕಾಲದಿಂದ ಈ ಊರಿನ ಲಕ್ಷಾಂತರ ಸಂಸಾರಗಳು ನಡೆಯುತ್ತಿರುವುದೇ ಅಮೆರಿಕ, ಯುರೋಪಿನ ಕಂಪನಿಗಳ ಏಳಿಗೆಯಿಂದ.

ಆದರೆ ಆ ಲಾಭ ದಕ್ಕಿದ್ದು ಹೆಚ್ಚಾಗಿ ಎಂಜಿನಿಯರಿಂಗ್ ಓದಿದವರಿಗೆ. ನನ್ನ ಚಿಂತೆ ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಓದು ನಿಲ್ಲಿಸಿದ ಮಕ್ಕಳದ್ದು.

2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಘಟನೆ ಸೇರಿದ ಚೀನಾ ಜಗತ್ತಿಗೆಲ್ಲ ಬಟ್ಟೆ, ಆಟಿಕೆ, ಫೋನು ಮಾಡಿಕೊಟ್ಟು ಶ್ರೀಮಂತವಾಯಿತು. ಅಲ್ಲಿ ಕೂಲಿ ಏರಿತು, ದುಡಿಯುವ ವಯಸ್ಸಿನವರ ಸಂಖ್ಯೆ ಇಳಿಯತೊಡಗಿತು, ಹೊಲಿಗೆ ಮತ್ತು ಜೋಡಣೆಯ ಕೆಲಸ ಮೆಲ್ಲಗೆ ಬೇರೆ ದೇಶಗಳನ್ನು ಹುಡುಕಿಕೊಂಡು ಹೊರಟಿತು. ಒಂದು ದೇಶ ಸಿರಿವಂತವಾಗುತ್ತ ಬಿಟ್ಟುಕೊಡುವ ಕೆಲಸವೇ ಇನ್ನೊಂದು ದೇಶದ ಯುವಜನರಿಗೆ ಸಿಗುವ ಮೊದಲ ಸಂಬಳ. 1986ರಲ್ಲಿ ಆರ್ಥಿಕ ಸುಧಾರಣೆ ಆರಂಭಿಸಿದ್ದ ವಿಯೆಟ್ನಾಂ, ಬಾಕ್ ನಿನ್ ಪ್ರಾಂತ್ಯದಲ್ಲಿ ಸ್ಯಾಮ್ಸಂಗ್ ಕಾರ್ಖಾನೆಗೆ ಅನುವು ಮಾಡಿಕೊಟ್ಟು, 2020ರ ಆಗಸ್ಟ್‌ನಲ್ಲಿ ಯುರೋಪಿನ ಒಕ್ಕೂಟದೊಂದಿಗಿನ ವ್ಯಾಪಾರ ಒಪ್ಪಂದವನ್ನೂ ಜಾರಿಗೆ ತಂದಿತು. ಬಡ ದೇಶಗಳಿಗಿರುವ ರಿಯಾಯಿತಿಯಲ್ಲಿ ಬಾಂಗ್ಲಾದೇಶದ ಅಂಗಿ ಯುರೋಪಿಗೆ ಸುಂಕವಿಲ್ಲದೆ ಹೋಗುತ್ತಿದ್ದಾಗ, ನಮ್ಮ ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ಹೊಲಿದ ಅಂಗಿಗೆ ಸುಂಕ ಬೀಳುತ್ತಿತ್ತು.

ಇದರ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೈಸೂರು ರಸ್ತೆಯ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತರೆ ತಿಳಿಯಬಹುದು. ಊಟದ ಡಬ್ಬಿಯ ಬ್ಯಾಗು ಹಿಡಿದು ರಾಮನಗರ, ಚನ್ನಪಟ್ಟಣದ ಬಸ್ಸಿಗೆ ಓಡುವ ಹೆಣ್ಣುಮಕ್ಕಳಲ್ಲಿ ಹತ್ತಾರು ವರ್ಷ ದುಡಿದೂ ಕನಿಷ್ಠ ಕೂಲಿಯ ಆಸುಪಾಸಿನಲ್ಲೇ ಉಳಿದವರಿದ್ದಾರೆ. ಸಂಬಳ ಹೆಚ್ಚಿಸಿ ಎಂದರೆ, ಬೈಯರ್ ಢಾಕಾದ ರೇಟು ತೋರಿಸುತ್ತಾನೆ ಎಂಬ ಉತ್ತರ ಬರುತ್ತದೆ. ಅಗ್ಗದ ಕೂಲಿಯನ್ನೇ ನೆಚ್ಚಿದ ಉದ್ಯಮದಲ್ಲಿ ದುಡಿಯುವವರಿಗೆ ಮುಂದಿನ ಮೆಟ್ಟಿಲೇ ಇರುವುದಿಲ್ಲ. ಪಿಎಫ್ ಹಣ ಹಿಂಪಡೆಯುವ ನಿಯಮದ ಬದಲಾವಣೆಯನ್ನು ವಿರೋಧಿಸಿ 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದದ್ದು ಸುಮ್ಮನೆ ಅಲ್ಲ. ಎಷ್ಟೋ ಮಂದಿಗೆ ಉಳಿತಾಯವೆಂದು ಇದ್ದದ್ದು ಅದೊಂದೇ.

ಈಗ ದೇವನಹಳ್ಳಿಗೆ, ಕೋಲಾರದ ನರಸಾಪುರಕ್ಕೆ ಐಫೋನ್ ಜೋಡಣೆ ಬಂದಿದೆ. ಸಂತೋಷವೇ. ಆದರೆ ಬಿಡಿಭಾಗಗಳಲ್ಲಿ ಬಹುಪಾಲು ಇಂದಿಗೂ ಹೊರಗಿನವು. 2025ರಲ್ಲಿ ನೂರಾರು ಚೀನೀ ತಂತ್ರಜ್ಞರು ಇಲ್ಲಿನ ಫೋನ್ ಕಾರ್ಖಾನೆಗಳಿಂದ ವಾಪಸಾದರೆಂಬ ವರದಿ ಓದಿದಾಗ ನನಗೆ ನಿಜಕ್ಕೂ ಕಳವಳವಾಯಿತು. ಕಟ್ಟಡ, ಯಂತ್ರ, ಕೈಗಳು ನಮ್ಮವಾಗಿದ್ದೂ, ಜೋಡಣೆಯ ಸಾಲು ಕೆಟ್ಟು ನಿಂತಾಗ ಸರಿಪಡಿಸುವ ಅನುಭವ ಬೇರೆಯವರದ್ದಾದರೆ, ನಾಳೆ ಇನ್ನೂ ಅಗ್ಗದ ಊರು ಸಿಕ್ಕಾಗ ಆ ಕೆಲಸವೂ ಹೊರಡುತ್ತದೆ.

ಪೀಣ್ಯದಲ್ಲಿ ಮೌಲ್ಡ್, ಅಂದರೆ ಬಿಡಿಭಾಗಗಳ ಅಚ್ಚು, ಮಾಡುವ ಸ್ನೇಹಿತರೊಬ್ಬರು ಹೇಳುವುದನ್ನು ಕೇಳಿ: "ನಾನು ಸ್ಟೀಲ್ ಕೊಳ್ಳೋ ದುಡ್ಡಿಗೆ ಚೀನಾದವರು ರೆಡಿ ಮೌಲ್ಡನ್ನೇ ಕೊಡ್ತಾರೆ. ಆದ್ರೂ ಆರ್ಡರ್‌ಗೆ ಕೊರತೆ ಇಲ್ಲ ಸಾರ್, ಹುಡುಗರೇ ಸಿಕ್ತಿಲ್ಲ." ಅವರ ಶೆಡ್ಡಿನಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಉಕ್ಕಿನ ಅಚ್ಚನ್ನು ಗ್ರೈಂಡ್ ಮಾಡಿ, ಮೈಕ್ರೋಮೀಟರ್ ಹಿಡಿದು ನೋಡಿ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ವ್ಯತ್ಯಾಸಕ್ಕೆ ಮತ್ತೆ ಯಂತ್ರಕ್ಕೆ ಕೂರಿಸುತ್ತಿದ್ದ. ಅಂಥವನನ್ನು ಅಗ್ಗದ ಕೂಲಿ ತೋರಿಸಿ ಯಾರೂ ಬೆದರಿಸಲಾರರು.

ಅಂಥವರನ್ನು ತಯಾರು ಮಾಡಲೆಂದೇ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದದ್ದು ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಲ್ಲಿ ಉಪಕರಣ, ಅಚ್ಚು ತಯಾರಿಸುವುದನ್ನು ಕಲಿಸುವ ಟೂಲ್ ಅಂಡ್ ಡೈ ಡಿಪ್ಲೊಮಾ ಇದೆ. ಎಂಜಿನಿಯರಿಂಗ್ ಸೀಟಿಗಾಗಿ ಸಾಲ ಮಾಡುವ ನಮ್ಮ ಪೋಷಕರಲ್ಲಿ ಎಷ್ಟು ಮಂದಿಗೆ ಅದರ ಹೆಸರು ಗೊತ್ತಿದೆ? ಸರ್ಕಾರ ಹೂಡಿಕೆದಾರರಿಗೆ ಜಮೀನು, ವಿದ್ಯುತ್ ರಿಯಾಯಿತಿ ಕೊಡುವಾಗ ಬಿಡಿಭಾಗಗಳ ತಯಾರಿಕೆಯನ್ನೂ ತರಬೇಕೆಂಬ ಷರತ್ತು ಹಾಕಲಿ. ಜೋಡಣೆಯ ಸಾಲಿನಲ್ಲಿ ಎರಡು ವರ್ಷ ದುಡಿದ ಹುಡುಗಿಯರಿಗೆ ಸಂಬಳ ಸಹಿತ ರಜೆ ಕೊಟ್ಟು ಇಂಥ ಕೋರ್ಸಿಗೆ ಕಳಿಸಬೇಕೆಂಬುದೂ ಅದೇ ಒಪ್ಪಂದದಲ್ಲಿರಲಿ. ಹಾಸ್ಟೆಲ್ಲು, ರಾತ್ರಿ ಪಾಳಿಯ ಬಸ್ಸು ಕೂಡ.