ವಡಾ ಪಾವ್‌ಗೆ ಕುರ್ಚಿ ಹಾಕಿದವರು

ಮುಂಬೈಯ ಲೋವರ್ ಪರೇಲ್‌ನಲ್ಲಿ ವಡಾ ಪಾವ್‌ಗೇ ಅಂತ ಒಂದು ರೆಸ್ಟೋರೆಂಟ್ ಆಗಿದೆ. ಮೆನು ಉದ್ದಕ್ಕೆ ಇದೆ. ಚೀಸ್, ಪೆರಿ ಪೆರಿ, ಶೆಜ್ವಾನ್, ಪನೀರ್ ಟಿಕ್ಕಾ, ಕೊನೆಗೆ ಆವಕಾಡೊ ಕೂಡ. ಸಾದಾ ವಡಾ ಪಾವ್ ಇದೆಯೋ ಇಲ್ಲವೋ ಅಂತ ಹುಡುಕಿದರೆ ಕೆಳಗೆ ಮೂಲೆಯಲ್ಲಿ 'ಕ್ಲಾಸಿಕ್' ಅಂತ ಒಂದು ಸಾಲು. ಬೆಲೆ 180 ರೂಪಾಯಿ. ಅದೇ ರಸ್ತೆಯಲ್ಲಿ ಸ್ಟೇಷನ್ ಕಡೆ ನಡೆದರೆ ಗಾಡಿಯವನು 20 ರೂಪಾಯಿಗೆ ಕೊಡುತ್ತಾನೆ.

ಬೆಲೆ ಬಗ್ಗೆ ನನ್ನ ತಕರಾರಿಲ್ಲ. ಆ ಏರಿಯಾದ ಬಾಡಿಗೆ, ಎಸಿ, ಯೂನಿಫಾರ್ಮ್ ಹಾಕಿದ ಹುಡುಗರ ಸಂಬಳ ಎಲ್ಲಾ ಅದರಲ್ಲೇ ಹುಟ್ಟಬೇಕು. ನನ್ನ ತಕರಾರು ತಿಂಡಿಯದ್ದು.

ದಾವಣಗೆರೆಯಿಂದ ಅಕ್ಕನ ಮನೆಯವರು ಬಂದಿದ್ದರು. ಅಕ್ಕನ ಮಗಳು ಫೋನಿನಲ್ಲಿ ಈ ಜಾಗ ನೋಡಿ, ಅಲ್ಲಿಗೇ ಹೋಗಬೇಕು ಅಂತ ಹಟ ಹಿಡಿದಳು. ಹೋದೆವು. ಕೂತ ಕೂಡಲೇ ಹುಡುಗ ಕೇಳಿದ, "ರೆಗ್ಯುಲರ್ ವಾಟರ್, ಬಾಟಲ್ ವಾಟರ್?" ಭಾವ ನನ್ನ ಮುಖ ನೋಡಿದರು. ನಮ್ಮ ಕಡೆ ಎಂಥಾ ಸಣ್ಣ ಹೋಟೆಲಾದರೂ ಮೊದಲು ನೀರಿನ ಲೋಟ ಬಂದು ಕೂರುತ್ತೆ, ಮಾತು ಆಮೇಲೆ. ಇರಲಿ, ಅದು ಸಣ್ಣ ವಿಷಯ.

ಕಾದೆವು. ಚೆನ್ನಾಗೇ ಕಾದೆವು. ಆಮೇಲೆ ಆಟದ ಸಾಮಾನಿನಂಥ ಪುಟ್ಟ ಮರದ ತಳ್ಳುಗಾಡಿಯ ಮೇಲೆ ವಡಾ ಪಾವ್ ಬಂತು. ಪಾವ್ ಅಂದರೆ ಪಾವ್ ಅಲ್ಲ, ಮೇಲೆ ಮಿರಮಿರ ಮಿಂಚುವ ಸಿಹಿ ಬನ್. ಅದನ್ನು ಬೆಣ್ಣೆಯಲ್ಲಿ ಕಾಯಿಸಿದ್ದರು. ಬನ್ನಿನೊಳಗೆ ಸರಿಯಾಗಿ ಕೂರಲಿ ಅಂತ ವಡೆಯನ್ನು ತಟ್ಟಿ ಚಪ್ಪಟೆ ಮಾಡಿದ್ದರು. ಕಡಲೆಹಿಟ್ಟಿನ ಹೊದಿಕೆಯ ಮೇಲೆ ಬ್ರೆಡ್ ಪುಡಿ. ಒಣ ಬೆಳ್ಳುಳ್ಳಿ ಚಟ್ನಿ ಮೇಯನೀಸ್ ಜೊತೆ ಸೇರಿ ಗುಲಾಬಿ ಬಣ್ಣದ ಪೇಸ್ಟ್ ಆಗಿತ್ತು. ಹಸಿಮೆಣಸಿನಕಾಯಿ ಒಂದೇ ಒಂದು, ಅದೂ ಟೂತ್‌ಪಿಕ್‌ಗೆ ಚುಚ್ಚಿಸಿಕೊಂಡು ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಫೋರ್ಕು, ಚಾಕು. ಭಾವ ಪಾಪ ಚಾಕು ಒತ್ತಿದರು. ವಡೆ ಹಿಂದಿನಿಂದ ಜಾರಿ ತಟ್ಟೆಗೆ ಬಿತ್ತು. ಆಮೇಲೆ ಬನ್ ಬೇರೆ, ವಡೆ ಬೇರೆ ತಿಂದರು.

ಹುಡುಗಿಗೆ ಮಾತ್ರ ಚೀಸಿನದ್ದು ತುಂಬಾ ಇಷ್ಟವಾಯಿತು. ಅದನ್ನೂ ಹೇಳಬೇಕು.

ಈ ತಿಂಡಿ ಎಲ್ಲಿಂದ ಬಂತು ಅಂತ ಗೊತ್ತಿದ್ದವರಿಗೆ ಲೋವರ್ ಪರೇಲ್‌ನಲ್ಲಿ ಅದನ್ನು ತಿನ್ನುವುದೇ ಒಂಥರಾ ವಿಚಿತ್ರ. 1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಅನ್ನುವವರು ಬಟಾಟೆ ವಡೆಯನ್ನು ಪಾವ್‌ನೊಳಗೆ ಇಟ್ಟು ಮಾರಲು ಶುರು ಮಾಡಿದರು ಅಂತ ಮುಂಬೈಯವರು ಹೇಳುತ್ತಾರೆ. ದಾದರ್, ಪರೇಲ್, ಲಾಲ್‌ಬಾಗ್, ವರ್ಲಿ, ಇದೆಲ್ಲಾ ಆಗ ಗಿರಣ್‌ಗಾಂವ್, ಅಂದರೆ ಬಟ್ಟೆ ಗಿರಣಿಗಳ ಊರು. ಪಾಳಿ ಮುಗಿಸಿ ಓಡುವವನಿಗೆ, ಪಾಳಿಗೆ ಓಡುವವನಿಗೆ ಕೂತು ಊಟ ಮಾಡಲು ಪುರುಸೊತ್ತೆಲ್ಲಿ? ಒಂದು ಕೈಯಲ್ಲಿ ಹಿಡಿಯಬಹುದು. ತಟ್ಟೆ ಬೇಡ, ಚಮಚ ಬೇಡ. ಲೋಕಲ್ ಟ್ರೇನಿನಲ್ಲಿ ಇನ್ನೊಂದು ಕೈ ಕಂಬಿ ಹಿಡಿದಿರುತ್ತೆ. 1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದೇ ಮುಚ್ಚಿದವು. ಕೆಲಸ ಕಳೆದುಕೊಂಡ ಎಷ್ಟೋ ಜನ ಇದೇ ವಡೆ ಗಾಡಿ ಇಟ್ಟುಕೊಂಡು ಬದುಕಿದರು. ಗಿರಣಿ ಜಾಗದಲ್ಲಿ ಮಾಲ್ ಬಂತು, ಆಫೀಸು ಬಂತು. ಈಗ ಅಲ್ಲೇ ವಡಾ ಪಾವ್‌ಗೆ ಫೋರ್ಕು ಬಂದಿದೆ.

ಇದು ನನಗೆ ಸ್ವಲ್ಪ ಜಾಸ್ತಿ ಚುಚ್ಚುವುದಕ್ಕೆ ಕಾರಣ ಇದೆ. ನಮ್ಮ ದಾವಣಗೆರೆಯೂ ಹತ್ತಿ ಗಿರಣಿಗಳ ಊರೇ. ಅಲ್ಲೂ ಗಿರಣಿ ಮುಚ್ಚಿವೆ, ತಿಂಡಿ ಉಳಿದಿದೆ. ಸಂಜೆಯಾದರೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ, ಅಂದರೆ ಬಜ್ಜಿ. ಈರುಳ್ಳಿ, ಹುರಿಗಡಲೆ ಪುಡಿ, ಒಗ್ಗರಣೆ ಎಣ್ಣೆ ಹಾಕಿ ಕಲಸಿದ ಮಂಡಕ್ಕಿ ಒಂದು ಕೈಗೆ, ಬಾಣಲೆಯಿಂದ ಆಗ ತಾನೇ ಎತ್ತಿದ ಮೆಣಸಿನಕಾಯಿ ಇನ್ನೊಂದು ಕೈಗೆ. ಅದನ್ನು ಕಚ್ಚಿ, ಬಾಯಿ ಸುಟ್ಟುಕೊಂಡು, ಮಂಡಕ್ಕಿ ಹಾಕಿಕೊಂಡು ಆರಿಸಿಕೊಳ್ಳಬೇಕು. ಊರಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಬಡಾವಣೆ ಇದೆ ಅಂದರೆ ನೋಡಿ.

ಹಾಗಂತ ತಿಂಡಿ ಬದಲಾಗಲೇಬಾರದು ಅನ್ನುವವನು ನಾನಲ್ಲ. ಹಾಗೆ ಹೇಳಲು ದಾವಣಗೆರೆಯವನಿಗೆ ಬಾಯೇ ಇಲ್ಲ. ಬೆಣ್ಣೆ ದೋಸೆ ಇದೆಯಲ್ಲ, ಅದೂ ಬದಲಾಗಿ ಬಂದದ್ದೇ. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಮೊದಲು ರಾಗಿ ಹಿಟ್ಟಿನ ದೋಸೆ ಹಾಕುತ್ತಿದ್ದರಂತೆ. ಆಮೇಲೆ ಅವರ ಮಕ್ಕಳು ಅಕ್ಕಿ, ಮಂಡಕ್ಕಿ, ಬೆಣ್ಣೆಗೆ ಬಂದರಂತೆ. ಬೆಂಗಳೂರಿನ ಎಂ.ಟಿ.ಆರ್.ನವರು ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಮಾಡಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಮುಂಬೈಗೆ ಬಂದ ನಮ್ಮ ಉಡುಪಿ ಹೋಟೆಲಿನವರು ಇನ್ನೂ ಮುಂದೆ ಹೋದರು. ಇಲ್ಲಿನ 'ಮೈಸೂರು ಮಸಾಲಾ' ದೋಸೆ ತಿಂದಿದ್ದೀರಾ? ಎಲೆಕೋಸು, ಟೊಮೇಟೊ, ಬೀಟ್‌ರೂಟ್, ಪಾವ್ ಭಾಜಿ ಮಸಾಲೆ ಎಲ್ಲಾ ಕಾವಲಿ ಮೇಲೇ ಅರೆದು ಹಚ್ಚುತ್ತಾರೆ. ಮೈಸೂರಿನವರು ಕಂಡರೆ ಗಾಬರಿಯಾಗುತ್ತಾರೆ. ಆದರೆ ಬಿಸಿ ಕಾವಲಿಯಿಂದ ನೇರ ತಟ್ಟೆಗೆ ಬರುತ್ತೆ, ಗರಿಗರಿಯಾಗಿರುತ್ತೆ, ರುಚಿಯಾಗಿರುತ್ತೆ. ಹೆಸರು ಬಿಟ್ಟು ತಿಂದರೆ ಏನೂ ತೊಂದರೆ ಇಲ್ಲ.

ಹಾಗಾದರೆ ಲೋವರ್ ಪರೇಲ್‌ನಲ್ಲಿ ಕೆಟ್ಟಿದ್ದು ಎಲ್ಲಿ?

ಗಾಡಿ ಮುಂದೆ ಒಮ್ಮೆ ನಿಂತು ನೋಡಿ. ಪಾವ್‌ಗಳು ಒಂದಕ್ಕೊಂದು ಅಂಟಿಕೊಂಡ ಲಾದಿಯಾಗಿ ಇರುತ್ತವೆ. ಹುಡುಗ ಒಂದನ್ನು ಕಿತ್ತುಕೊಳ್ಳುತ್ತಾನೆ. ಕಿತ್ತ ಪಕ್ಕಗಳು ಹತ್ತಿಯ ಹಾಗೆ ಮೆತ್ತಗೆ. ಪೂರ್ತಿ ಕತ್ತರಿಸುವುದಿಲ್ಲ, ಒಂದು ಬದಿ ಕೂಡಿಕೊಂಡೇ ಇರುತ್ತೆ. ಒಳಗೆ ಹಸಿರು ಚಟ್ನಿ ಸವರುತ್ತಾನೆ, ಮೇಲೆ ಒಣ ಕೊಬ್ಬರಿ, ಬೆಳ್ಳುಳ್ಳಿ, ಕೆಂಪು ಖಾರದ ಪುಡಿ ಉದುರಿಸುತ್ತಾನೆ. ಎಣ್ಣೆಯಿಂದ ಎತ್ತಿದ ವಡೆ ಇಟ್ಟು ಅಂಗೈಯಿಂದ ಒಮ್ಮೆ ಅಮುಕುತ್ತಾನೆ. ಆ ಅಮುಕಿನಲ್ಲೇ ಇದೆ ಎಲ್ಲಾ. ವಡೆಯೊಳಗಿನ ಹಬೆ ಹೊರಗೆ ಬಂದು ಪಾವ್‌ನ ಒಳಮೈ ತೇವ ಮಾಡುತ್ತೆ, ಆ ತೇವಕ್ಕೆ ಚಟ್ನಿ ಪುಡಿ ಕಚ್ಚಿಕೊಳ್ಳುತ್ತೆ. ಹೊರಗಡೆ ಇನ್ನೂ ಒಣಗೇ ಇರುತ್ತೆ, ಅದಕ್ಕೇ ಕೈಗೆ ಅಂಟುವುದಿಲ್ಲ. ಇದು ಕೆಲವೇ ನಿಮಿಷದ ಆಟ. ತಡವಾದರೆ ಕಡಲೆಹಿಟ್ಟಿನ ಹೊದಿಕೆ ಮೆತ್ತಗಾಗುತ್ತೆ, ಆಲೂಗಡ್ಡೆ ತಣ್ಣಗಾಗಿ ಗಟ್ಟಿಯಾಗುತ್ತೆ. ಕೇಳಿ ಈಸ್ಕೊಂಡರೆ ಬಾಣಲೆ ತಳದಲ್ಲಿ ಬಿದ್ದ ಕಡಲೆಹಿಟ್ಟಿನ ಚೂರಾ ಕೂಡ ಮೇಲೆ ಹಾಕಿ ಕೊಡುತ್ತಾನೆ. ಅದಕ್ಕೆ ದುಡ್ಡಿಲ್ಲ.

ರೆಸ್ಟೋರೆಂಟಿನಲ್ಲಿ ಅಡುಗೆಮನೆ ಹಿಂದೆ ಎಲ್ಲೋ ಇದೆ. ವಡೆ ಕರಿದು, ಪಕ್ಕಕ್ಕಿಟ್ಟು, ಬನ್ ಕಾಯಿಸಿ, ಅಲಂಕಾರ ಮಾಡಿ, ಗಾಡಿ ಮೇಲೆ ಕೂರಿಸಿ, ನಾಲ್ಕು ಜನರದ್ದೂ ಒಟ್ಟಿಗೇ ಬರಬೇಕು ಅಂತ ಕಾದು ತರುತ್ತಾರೆ. ಟೇಬಲ್‌ಗೆ ಬಂದ ಮೇಲೆ ನಾವು ಫೋಟೋ ತೆಗೆಯುತ್ತೇವೆ. ಅಷ್ಟರಲ್ಲಿ ಹಬೆಯೆಲ್ಲಾ ಹೋಗಿರುತ್ತೆ. ತಣ್ಣಗಾದ ವಡೆಗೆ ರುಚಿ ಬರಿಸಲು ಚೀಸ್ ಬೇಕಾಗುತ್ತೆ, ಮೇಯನೀಸ್ ಬೇಕಾಗುತ್ತೆ. ಅವರ ಮೆನು ಅಷ್ಟು ಉದ್ದ ಆಗಿದ್ದು ಹೀಗೇ ಅಂತ ನನ್ನ ಗುಮಾನಿ.

ಇಲ್ಲಿ ಬೆಂಗಳೂರು ನೆನಪಾಗುತ್ತೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದವು. ಅವರು ಮಾಡಿದ್ದು ಸರಿಯಾಗಿ ಇದರ ಉಲ್ಟಾ ಕೆಲಸ. ಕೂತು ತಿನ್ನುವ ಹೋಟೆಲಿನ ತಿಂಡಿಯನ್ನು ಎದ್ದು ನಿಲ್ಲಿಸಿದರು. ಕುರ್ಚಿ ತೆಗೆದರು, ಸರ್ವರ್‌ಗಳನ್ನು ತೆಗೆದರು, ಎದೆಮಟ್ಟದ ಟೇಬಲ್ ಹಾಕಿದರು. ದೋಸೆ ಕಾವಲಿಯನ್ನು ಗಿರಾಕಿ ಕಣ್ಣೆದುರಿಗೇ ತಂದರು. ಟೋಕನ್ ಕೊಟ್ಟರೆ ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ. ಇಡ್ಲಿ ಇಡ್ಲಿಯಾಗೇ ಉಳಿಯಿತು, ವಡೆ ವಡೆಯಾಗೇ ಉಳಿಯಿತು, ಬೆಲೆ ಇಳಿಯಿತು. ತಿಂಡಿಗೆ ಕೈ ಹಾಕದೆ ಸುತ್ತಲಿನ ಜಾಗವನ್ನು ಬದಲಾಯಿಸಿದರು. ಮುಂಬೈನವರು ಜಾಗಕ್ಕೆ ತಕ್ಕ ಹಾಗೆ ತಿಂಡಿಯನ್ನು ಬದಲಾಯಿಸುತ್ತಿದ್ದಾರೆ. ನನ್ನ ಕೇಳಿದರೆ ಈ ವಿಷಯದಲ್ಲಿ ನಮ್ಮವರದ್ದೇ ಜಾಣತನ.

ಇದು ಬರೀ ಊರಿನ ಅಭಿಮಾನ ಅಂತ ತಿಳಿಯಬೇಡಿ. 2024ರಲ್ಲಿ ಬಾಂದ್ರಾದಲ್ಲಿ ಬೆಂಗಳೂರು ಶೈಲಿಯ ಬೆಣ್ಣೆ ದೋಸೆಯ ಒಂದು ಪುಟ್ಟ ಅಂಗಡಿ ಶುರುವಾಯಿತು. ಜಾಗ ಚಿಕ್ಕದು, ಮೆನು ಚಿಕ್ಕದು, ಹೊರಗೆ ಉದ್ದ ಕ್ಯೂ. ಸಿನಿಮಾದವರೂ ಕ್ರಿಕೆಟ್‌ನವರೂ ಬಂದು ತಿನ್ನುತ್ತಾರೆ. ಅಂದರೆ ಇಲ್ಲಿಯ ದುಡ್ಡಿರುವ ಜನಕ್ಕೂ ಸಾದಾ ತಿಂಡಿ ಸಾಕು, ಬಿಸಿಯಾಗಿ ಕೊಟ್ಟರೆ. ವಡಾ ಪಾವ್ ಮಾತ್ರ ಯಾಕೆ ವೇಷ ಹಾಕಬೇಕು? ಮುಂಬೈಯವರು ತಮ್ಮ ತಿಂಡಿಯ ಬಗ್ಗೆ ಇಷ್ಟು ಹಿಂಜರಿಯಬೇಕಾಗಿಲ್ಲ.

ಹಾಗಂತ ನಮ್ಮವರು ಎಡವಿಲ್ಲ ಅಂತಲ್ಲ. ಊರಿಗೆ ಹೋದಾಗ ನೋಡುತ್ತೇನೆ, '99 ವೆರೈಟಿ ದೋಸೆ' ಗಾಡಿಗಳು. ಅದರಲ್ಲಿ ತೊಂಬತ್ತರಲ್ಲಿ ಬಾಯಿಗೆ ಹತ್ತುವುದು ಚೀಸು, ಸಾಸು ಮಾತ್ರ. ಇನ್ನು ಗೋಬಿ ಮಂಚೂರಿ. ಚೈನೀಸ್ ಹೋಟೆಲಿನ ತಟ್ಟೆಯಿಂದ ಇಳಿದು ನಮ್ಮ ಬೀದಿಗೆ ಬಂದ ಮೇಲೆ ಕೆಂಪಗೆ, ಇನ್ನೂ ಕೆಂಪಗೆ ಆಗುತ್ತಾ ಹೋಯಿತು. ಕೊನೆಗೆ 2024ರ ಮಾರ್ಚ್‌ನಲ್ಲಿ ಸರ್ಕಾರವೇ ಅದಕ್ಕೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಹೊರಡಿಸಬೇಕಾಯಿತು. ಕಣ್ಣಿಗೆ ಚಂದ ಕಾಣಿಸುವ ಹುಚ್ಚು ಬೀದಿಯಲ್ಲೂ ಇದೆ, ಎಸಿ ರೂಮಿನಲ್ಲೂ ಇದೆ.

ರೆಸ್ಟೋರೆಂಟಿನ ಪರವಾಗಿಯೂ ಒಂದೆರಡು ಮಾತು ಹೇಳಬೇಕು. ಅಕ್ಕನಿಗೆ ಮೊಣಕಾಲು ನೋವು. ಗಾಡಿ ಮುಂದೆ ಹತ್ತು ನಿಮಿಷ ನಿಲ್ಲಲು ಅವಳಿಂದ ಆಗುವುದಿಲ್ಲ. ದರ್ಶಿನಿಯಲ್ಲೂ ಅಷ್ಟೇ, ವಯಸ್ಸಾದವರು ತಟ್ಟೆ ಹಿಡಿದು ಕಟ್ಟೆ ಹುಡುಕುವುದನ್ನು ನೋಡಿದ್ದೇನೆ. ಇಲ್ಲಿ ಅವಳು ಆರಾಮಾಗಿ ಒರಗಿ ಕೂತಳು. ಶೌಚಾಲಯ ಚೆನ್ನಾಗಿತ್ತು. ಮುಂಬೈ ಬೀದಿ ಸುತ್ತುವ ಹೆಂಗಸರನ್ನು ಕೇಳಿ, ಇದು ಎಷ್ಟು ದೊಡ್ಡ ವಿಷಯ ಅಂತ ಹೇಳುತ್ತಾರೆ. ಗಾಡಿಯವನ ನ್ಯೂಸ್‌ಪೇಪರ್ ಬಗ್ಗೆ ನಾವೆಲ್ಲಾ ಪ್ರೀತಿಯಿಂದ ಮಾತಾಡುತ್ತೇವೆ. ಆದರೆ ಪೇಪರಿನ ಶಾಯಿ ತಿಂಡಿಗೆ ಹತ್ತುತ್ತೆ, ಅದರಲ್ಲಿ ಕೊಡಬೇಡಿ ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2023ರಲ್ಲಿ ಎಚ್ಚರಿಸಿದೆ. ಬಿಸಿ ಎಣ್ಣೆಯ ವಡೆಗೆ ಅದು ಇನ್ನೂ ಜಾಸ್ತಿ ಅನ್ವಯಿಸುತ್ತೆ. ಎಣ್ಣೆ ಎಷ್ಟು ದಿನದ್ದು ಅಂತ ಗಾಡಿಯಲ್ಲಿ ಯಾರೂ ಕೇಳುವುದಿಲ್ಲ, ಕೇಳಿದರೂ ಉತ್ತರ ಸಿಗುವುದಿಲ್ಲ.

ಅದಕ್ಕೇ ಕುರ್ಚಿ ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕುರ್ಚಿ ಇರಲಿ, ಎಸಿ ಇರಲಿ, 180 ರೂಪಾಯಿಯೂ ಇರಲಿ. ಬಾಣಲೆಯನ್ನು ಮಾತ್ರ ಹಿಂದಿನಿಂದ ಮುಂದಕ್ಕೆ ತನ್ನಿ. ಮಾಟುಂಗಾದ ಹಳೇ ದಕ್ಷಿಣದ ಹೋಟೆಲುಗಳಲ್ಲಿ ಕೂತೇ ತಿನ್ನುತ್ತೇವೆ, ಆದರೂ ತಿಂಡಿ ಸುಡುಸುಡು ಬರುತ್ತೆ. ಯಾಕೆಂದರೆ ಅಲ್ಲಿ ಯಾರದ್ದು ಆಯಿತೋ ಅವರಿಗೆ ಮೊದಲು ತಂದಿಡುತ್ತಾರೆ, ಟೇಬಲ್‌ನಲ್ಲಿ ಉಳಿದವರು ನೋಡುತ್ತಾ ಕೂತಿರಲಿ. ಅದು ಮರ್ಯಾದೆ ಕಡಿಮೆ ಅಂತ ಯಾರಿಗೂ ಅನಿಸುವುದಿಲ್ಲ. ವಡೆಗೂ ಅದೇ ನಿಯಮ ಸಾಕು. ಲಾದಿ ಪಾವ್ ಬಳಸಿ, ಪಕ್ಕದ ಬೇಕರಿಯಲ್ಲೇ ಸಿಗುತ್ತೆ. ಒಣ ಚಟ್ನಿಯನ್ನು ಒಣಗೇ ಬಿಡಿ.

ಲೆಕ್ಕ ಕೊಡುವಾಗ ಫೀಡ್‌ಬ್ಯಾಕ್ ಫಾರ್ಮ್ ಅಂತ ಒಂದು ಟ್ಯಾಬ್ಲೆಟ್ ಮುಂದಿಟ್ಟರು. ವಾತಾವರಣಕ್ಕೆ ಎಷ್ಟು ಸ್ಟಾರ್, ಸೇವೆಗೆ ಎಷ್ಟು ಸ್ಟಾರ್, ಅಲಂಕಾರಕ್ಕೆ ಎಷ್ಟು ಅಂತ ಕೇಳಿತ್ತು. ಬಿಸಿ ಇತ್ತಾ ಅಂತ ಕೇಳುವ ಜಾಗ ಇರಲಿಲ್ಲ. ಹುಡುಗಿ ಎಲ್ಲದಕ್ಕೂ ಐದೈದು ಸ್ಟಾರ್ ಒತ್ತಿದಳು. ಭಾವ ಸ್ಟೇಷನ್ ಹತ್ತಿರದ ಗಾಡಿ ಎಷ್ಟು ಗಂಟೆವರೆಗೆ ಇರುತ್ತೆ ಅಂತ ನನ್ನನ್ನು ಮೆಲ್ಲಗೆ ಕೇಳಿದರು.