ಪದ ಎತ್ತಿಕೊಟ್ಟವನು

ಜನವರಿ ಮೊದಲ ವಾರ ಬಂತೆಂದರೆ ನನಗೆ 2021ರ ಆ ಭಾನುವಾರವೇ ಕಣ್ಣಮುಂದೆ ಬಂದು ನಿಲ್ಲುತ್ತದೆ. ಶಿವಮೊಗ್ಗದಿಂದ ಕೆಲಸಕ್ಕೆಂದು ಬಂದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಮನೆ ಮಾಡಿದ್ದೆವು. ಮರ್ಸಿ ನದಿಯ ಈಚೆ ದಂಡೆ ನಮ್ಮದು, ಆಚೆ ದಂಡೆ ಲಿವರ್‌ಪೂಲ್. ಕೋವಿಡ್ ಮತ್ತೆ ಏರುತ್ತಿದ್ದ ಕಾಲ, ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿರಲಿಲ್ಲ. ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅಂಥ ಕೊರೆಯುವ ಚಳಿಯಲ್ಲಿ ಪಕ್ಕದ ಮನೆಯ ಹಿರಿಯರು ತಮ್ಮ ಕಿಟಕಿ ಪೂರ್ತಿ ತೆಗೆದರು. ಒಳಗಿನಿಂದ ಹಳೇ ರೆಕಾರ್ಡಿನ ಚರಚರ ಸದ್ದು, ಅದರ ಹಿಂದೆಯೇ ಒಂದು ಹಾಡು. ಮುಗಿಯಿತು. ಮತ್ತೆ ಮೊದಲಿನಿಂದ ಹಚ್ಚಿದರು. ಮೂರನೇ ಸಲ ಶುರುವಾದಾಗ ನಾನು ಬಾಗಿಲಿಗೆ ಹೋಗಿ ನಿಂತೆ. ಅವರು ಕುತ್ತಿಗೆಗೆ ಕೆಂಪು ಸ್ಕಾರ್ಫ್ ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ನನ್ನನ್ನು ನೋಡಿ "ನಮ್ಮ ಜೆರ್ರಿ ಹೋದ" ಅಂದರು. ಅಷ್ಟೇ.

ಜೆರ್ರಿ ಮಾರ್ಸ್‌ಡೆನ್. ಅರವತ್ತರ ದಶಕದಲ್ಲಿ 'ಜೆರ್ರಿ ಅಂಡ್ ದ ಪೇಸ್‌ಮೇಕರ್ಸ್' ಎಂಬ ತಂಡ ಕಟ್ಟಿಕೊಂಡು ಹಾಡಿದವನು. ಲಿವರ್‌ಪೂಲಿನ ಟಾಕ್ಸ್‌ಟೆತ್‌ನಲ್ಲಿ 1942ರಲ್ಲಿ ಹುಟ್ಟಿದ, ನಮ್ಮ ದಂಡೆಯ ಆಸ್ಪತ್ರೆಯೊಂದರಲ್ಲಿ 78ನೇ ವಯಸ್ಸಿಗೆ ಕಣ್ಣುಮುಚ್ಚಿದ. ಹುಟ್ಟಿಗೂ ಸಾವಿಗೂ ನಡುವೆ ಒಂದು ಹೊಳೆಯಷ್ಟೇ ದೂರ.

ಮಾರನೆಯ ದಿನ ಪತ್ರಿಕೆಗಳಲ್ಲಿ ಬಂದ ಶ್ರದ್ಧಾಂಜಲಿಗಳನ್ನು ಓದಿ ನನಗೆ ನಿಜಕ್ಕೂ ಬೇಸರವಾಯಿತು. ನಾಲ್ಕು ಸಾಲು ಬರೆಯುವುದರೊಳಗೆ ಬೀಟಲ್ಸ್ ಹೆಸರು ಬಂದುಬಿಡುತ್ತಿತ್ತು. ಬೀಟಲ್ಸ್ ಬೇಡವೆಂದ ಹಾಡನ್ನು ಹಾಡಿದವನು, ಬೀಟಲ್ಸ್‌ನ ಮ್ಯಾನೇಜರೇ ಇವನಿಗೂ ಮ್ಯಾನೇಜರು, ಬೀಟಲ್ಸ್‌ನಷ್ಟು ಎತ್ತರಕ್ಕೆ ಏರದವನು. ಇದ್ಯಾವುದೂ ಸುಳ್ಳಲ್ಲ. 'ಹೌ ಡು ಯು ಡು ಇಟ್' ಹಾಡನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮೊದಲು ಕೊಟ್ಟಿದ್ದು ಬೀಟಲ್ಸ್‌ಗೇ. ಅವರಿಗದು ಹಿಡಿಸಲಿಲ್ಲ. ಇಬ್ಬರಿಗೂ ಮ್ಯಾನೇಜರಾಗಿದ್ದ ಬ್ರಯಾನ್ ಎಪ್‌ಸ್ಟೀನ್ ಅದನ್ನು ಜೆರ್ರಿಯ ಕೈಗಿಟ್ಟ. 1963ರ ವಸಂತದಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಎರಡನೆಯ ಹಾಡೂ ಹೋಯಿತು, ಮೂರನೆಯದೂ ಹೋಯಿತು. ತಂಡವೊಂದರ ಮೊದಲ ಮೂರೂ ಹಾಡುಗಳು ಒಂದರ ಹಿಂದೊಂದು ಮೊದಲ ಸ್ಥಾನ ಹಿಡಿದದ್ದು ಅದೇ ಮೊದಲು. ಆ ದಾಖಲೆಯನ್ನು ಸರಿಗಟ್ಟಲು 1984ರವರೆಗೆ ಯಾರಿಂದಲೂ ಆಗಲಿಲ್ಲ. ಸರಿಗಟ್ಟಿದ್ದೂ ಲಿವರ್‌ಪೂಲಿನದೇ ಇನ್ನೊಂದು ತಂಡ.

ಆದರೆ ನನ್ನ ತಕರಾರು ದಾಖಲೆಯ ಬಗ್ಗೆ ಅಲ್ಲ. ಒಬ್ಬ ಗಾಯಕ ಎಷ್ಟು ದೊಡ್ಡವನು ಅನ್ನುವುದನ್ನು ಅಳೆಯುವ ಕೋಲಿನ ಬಗ್ಗೆ. ಅಂದು ಕಿಟಕಿ ತೆಗೆದಿಟ್ಟ ಆ ಹಿರಿಯರು ಪಟ್ಟಿಯಲ್ಲಿ ಎಷ್ಟು ವಾರ ಇದ್ದ ಎಂದು ಎಣಿಸಿ ಅಳುತ್ತಿರಲಿಲ್ಲ.

ಅವರು ಹಚ್ಚಿದ್ದು ಆ ಮೂರನೆಯ ಹಾಡು, 'ಯೂ ವಿಲ್ ನೆವರ್ ವಾಕ್ ಅಲೋನ್'. ನೀನು ಎಂದೂ ಒಂಟಿಯಾಗಿ ನಡೆಯಬೇಕಿಲ್ಲ ಎಂಬ ಭರವಸೆ. ಜೆರ್ರಿ ಬರೆದ ಹಾಡಲ್ಲ ಇದು. 1945ರಲ್ಲಿ ಅಮೆರಿಕದಲ್ಲಿ ರಾಜರ್ಸ್ ಮತ್ತು ಹ್ಯಾಮರ್‌ಸ್ಟೀನ್ ಜೋಡಿ 'ಕರೋಸಲ್' ಎಂಬ ಸಂಗೀತ ನಾಟಕಕ್ಕೆ ಮಾಡಿದ್ದು. ನಾಟಕದಲ್ಲಿ ಗಂಡನನ್ನು ಕಳೆದುಕೊಂಡು ಕೂತ ಹೆಣ್ಣುಮಗಳಿಗೆ ಧೈರ್ಯ ಹೇಳುತ್ತಾ ಇದನ್ನು ಹಾಡುತ್ತಾರೆ. ಅಂದರೆ ಹುಟ್ಟುವಾಗಲೇ ಸಾವಿನ ಮನೆಯ ಹಾಡು. 21 ವರ್ಷದ ಹುಡುಗ, ಅದೂ ಎರಡು ಕುಣಿತದ ಹಾಡು ಗೆದ್ದ ಮೇಲೆ, ಮೂರನೆಯದಕ್ಕೆ ಇಂಥ ನಿಧಾನದ ಹಾಡನ್ನು ಆರಿಸಿಕೊಂಡನಲ್ಲ, ಆ ಎದೆಗಾರಿಕೆಯನ್ನು ಯಾಕೆ ಯಾರೂ ಬರೆಯುವುದಿಲ್ಲ?

ಆಗ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಆನ್‌ಫೀಲ್ಡ್ ಮೈದಾನದಲ್ಲಿ ಪಂದ್ಯಕ್ಕೆ ಮುಂಚೆ ಆ ವಾರದ ಜನಪ್ರಿಯ ಹತ್ತು ಹಾಡುಗಳನ್ನು ಧ್ವನಿವರ್ಧಕದಲ್ಲಿ ಹಾಕುತ್ತಿದ್ದರಂತೆ. ಗೋಲ್ ಹಿಂದಿನ 'ಕಾಪ್' ಕಟ್ಟೆಯಲ್ಲಿ ನಿಂತ ಸಾವಿರಾರು ಜನ ಜೊತೆಗೆ ಹಾಡುತ್ತಿದ್ದರು. ಬೀಟಲ್ಸನ್ನೂ ಹಾಡಿದರು, ಸಿಲ್ಲಾ ಬ್ಲ್ಯಾಕ್‌ಳನ್ನೂ ಹಾಡಿದರು. ವಾರ ಕಳೆದಂತೆ ಹಾಡುಗಳು ಬದಲಾದವು. ಜೆರ್ರಿಯ ಹಾಡು ಪಟ್ಟಿಯಿಂದ ಇಳಿದು ಹೋದಾಗ ಮಾತ್ರ ಜನ ಅದನ್ನು ಬಿಡಲಿಲ್ಲ, ಧ್ವನಿವರ್ಧಕ ಹಾಕದಿದ್ದರೂ ತಾವೇ ಹಾಡಿದರು. ಜೆರ್ರಿ ಈ ಕತೆಯನ್ನು ಬಾಯಿ ತುಂಬ ಹೇಳಿಕೊಳ್ಳುತ್ತಿದ್ದ. ನಮ್ಮ ಪಕ್ಕದ ಮನೆಯವರು ಆಗ ಹನ್ನೆರಡರ ಹುಡುಗ. ಕಾಪ್‌ನ ಮೂಲೆಯಲ್ಲಿ ಹುಡುಗರಿಗೆಂದೇ 'ಬಾಯ್ಸ್ ಪೆನ್' ಎಂಬ ಬೇಲಿ ಹಾಕಿದ ಜಾಗವಿತ್ತು, ಅಲ್ಲಿ ನಿಂತು ಹಾಡಿದ್ದೆ ಎನ್ನುತ್ತಾರೆ. ಹುಡುಗರ ಕೀಚಲು ಕಂಠಕ್ಕೆ ದೊಡ್ಡವರು ನಗುತ್ತಿದ್ದರಂತೆ.

ಕಾಪ್ ಅನ್ನುವ ಹೆಸರಿಗೂ ಒಂದು ಕತೆಯಿದೆ. ದಕ್ಷಿಣ ಆಫ್ರಿಕಾದ ಸ್ಪಿಯೋನ್ ಕಾಪ್ ಗುಡ್ಡದ ಮೇಲೆ 1900ರ ಜನವರಿಯಲ್ಲಿ ನಡೆದ ಯುದ್ಧದಲ್ಲಿ ಈ ಸೀಮೆಯ ಸೈನಿಕರು ಬಹಳ ಮಂದಿ ಸತ್ತರು. ಅವರ ನೆನಪಿಗೆ ಈ ಕಟ್ಟೆಗೆ ಆ ಹೆಸರು. ಅದೇ ಯುದ್ಧದಲ್ಲಿ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತ ಭಾರತೀಯರ ತಂಡದಲ್ಲಿ ಗಾಂಧೀಜಿಯೂ ಇದ್ದರು. ಇದನ್ನು ಮೊದಲ ಸಲ ತಿಳಿದಾಗ ಆ ಕಟ್ಟೆ ನನಗೆ ಪರವೂರಿನದು ಅನ್ನಿಸುವುದು ನಿಂತಿತು.

ಇನ್ನು ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಅರವತ್ತರ ದಶಕದ ಹಾಡುಗಾರರು ಬಹಳ ಮಂದಿ ತಮ್ಮ ಹಳೆಯ ಹಾಡುಗಳನ್ನೇ ಊರೂರಲ್ಲಿ ಹಾಡಿಕೊಂಡು ವಯಸ್ಸಾದರು. ಅದರಲ್ಲಿ ತಪ್ಪೇನಿಲ್ಲ, ಜೆರ್ರಿಯೂ ಹಾಡಿದ. ಆದರೆ ಊರಿಗೆ ಸಾವು ಬಂದಾಗೆಲ್ಲ ಈತ ಬಂದು ನಿಂತ.

1985ರ ಮೇ 11. ಬ್ರ್ಯಾಡ್‌ಫರ್ಡ್ ಊರಿನ ಫುಟ್‌ಬಾಲ್ ಮೈದಾನದಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಮರದ ಕಟ್ಟೆಗೆ ಬೆಂಕಿ ಬಿದ್ದು 56 ಜನ ಸತ್ತರು. ಜೆರ್ರಿ ಮುಂದೆ ನಿಂತು ಸಿಕ್ಕ ಸಿಕ್ಕ ಹಾಡುಗಾರರನ್ನೆಲ್ಲ ಸೇರಿಸಿದ. ಮೋಟರ್‌ಹೆಡ್ ಎಂಬ ರಾಕ್ ತಂಡದ ಲೆಮ್ಮಿಯಂಥ ಗಡಸು ಗಂಟಲಿನವನೂ ಬಂದ. 'ದ ಕ್ರೌಡ್' ಎಂಬ ಹೆಸರಲ್ಲಿ ಅದೇ ಹಾಡನ್ನು ಮತ್ತೆ ಹಾಡಿ, ಬಂದ ಹಣವನ್ನು ನೊಂದವರ ನಿಧಿಗೆ ಕೊಟ್ಟರು. ಅದೂ ಮೊದಲ ಸ್ಥಾನಕ್ಕೆ ಹೋಯಿತು. ಒಂದೇ ಹಾಡಿನ ಎರಡು ರೂಪಗಳನ್ನು ಮೊದಲ ಸ್ಥಾನಕ್ಕೆ ತಂದ ಮೊದಲ ಗಾಯಕ ಎಂದು ಅವನನ್ನು ಹೊಗಳುತ್ತಾರೆ. ಆ ಹೊಗಳಿಕೆ ಕೇಳುವಾಗ ನನಗೆ ಆ 56 ಮಂದಿಯ ನೆನಪು ಬರುತ್ತದೆ.

ನಾಲ್ಕು ವರ್ಷ ಕಳೆಯುವುದರೊಳಗೆ ಸ್ವಂತ ಊರಿನ ಸರದಿ. 1989ರ ಏಪ್ರಿಲ್ 15, ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನ. ಸೆಮಿಫೈನಲ್ ನೋಡಲು ಹೋದ ಲಿವರ್‌ಪೂಲ್ ಅಭಿಮಾನಿಗಳು ಕಬ್ಬಿಣದ ಬೇಲಿಯೊಳಗೆ ನುಜ್ಜುಗುಜ್ಜಾದರು. ಸತ್ತವರ ಲೆಕ್ಕ ಇವತ್ತಿಗೆ 97. ಸತ್ತವರದ್ದೇ ತಪ್ಪು, ಕುಡಿದು ಬಂದಿದ್ದರು ಎಂದು ಅಪವಾದ ಬೇರೆ ಹೊರಿಸಿದರು. ಅಭಿಮಾನಿಗಳದ್ದು ಏನೂ ತಪ್ಪಿಲ್ಲ ಎಂದು ವಿಚಾರಣೆಯ ತೀರ್ಪುಗಾರರು ಹೇಳಲು 2016 ಆಗಬೇಕಾಯಿತು. 27 ವರ್ಷ! ಹೆತ್ತವರಲ್ಲಿ ಎಷ್ಟೋ ಮಂದಿ ಆ ಮಾತು ಕೇಳದೆಯೇ ಹೋದರು. ಸತ್ತ ಮಗನ ಮೇಲಿನ ಸುಳ್ಳನ್ನು ಹೊತ್ತುಕೊಂಡು ಇಪ್ಪತ್ತೇಳು ವರ್ಷ ಬದುಕುವುದು ಎಂದರೇನು ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಆ ದುರಂತ ನಡೆದ ವಾರ ಲಿವರ್‌ಪೂಲ್ ಊರಿನದೇ ಎದುರಾಳಿ ತಂಡ ಎವರ್ಟನ್ನಿನ ಮೈದಾನದಿಂದ ಆನ್‌ಫೀಲ್ಡ್‌ವರೆಗೆ ಪಾರ್ಕಿನ ಉದ್ದಕ್ಕೂ ನೀಲಿ, ಕೆಂಪು ಸ್ಕಾರ್ಫ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಸರಪಳಿ ಮಾಡಿದ್ದರು. ಜೆರ್ರಿ ತನ್ನ ಇನ್ನೊಂದು ಹಾಡು, 'ಫೆರ್ರಿ ಕ್ರಾಸ್ ದ ಮರ್ಸಿ'ಯನ್ನು ಪಾಲ್ ಮೆಕಾರ್ಟ್ನಿ ಮೊದಲಾದವರೊಂದಿಗೆ ಮತ್ತೆ ಹಾಡಿ ನೊಂದವರಿಗಾಗಿ ಹಣ ಕೂಡಿಸಿದ. ಮೇ 20ಕ್ಕೆ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಅದೇ ಪಂದ್ಯಾವಳಿಯ ಫೈನಲ್, ಲಿವರ್‌ಪೂಲ್ ಮತ್ತು ಎವರ್ಟನ್ ನಡುವೆ. ಪಂದ್ಯಕ್ಕೆ ಮುಂಚೆ ಜೆರ್ರಿ ಮೈದಾನಕ್ಕೆ ಇಳಿದು ಹಾಡು ಎತ್ತಿಕೊಂಡ. ನೀಲಿ ಬಣ್ಣದ ಎವರ್ಟನ್ನಿನವರೂ ದನಿಗೂಡಿಸಿದರು. ಐದು ವಾರಗಳ ಹಿಂದೆ ಮಕ್ಕಳನ್ನು ಮಣ್ಣು ಮಾಡಿದ ಊರಿನ ಮುಂದೆ ಮೈಕು ಹಿಡಿದು ಆ ಹಾಡಿಗೆ ಬಾಯಿ ತೆರೆಯುವುದು ಸುಲಭದ ಕೆಲಸವಲ್ಲ. ದನಿ ನಡುಗಿದರೆ ಎಲ್ಲರೂ ಒಡೆದುಹೋಗುತ್ತಾರೆ. ಈತ ಹಾಡಿ ಮುಗಿಸಿದ.

ನಮ್ಮೂರಿನ ಭಜನೆ ಮನೆಯಲ್ಲಿ ಶನಿವಾರ ರಾತ್ರಿ ಪದ ಎತ್ತಿಕೊಡುವವರು ಒಬ್ಬರಿದ್ದರು. ಮೊದಲ ಸಾಲು ಅವರದು. ಎರಡನೇ ಸಾಲಿಗೆ ತಾಳ ಬೀಳುತ್ತದೆ, ಮೂರನೆಯದಕ್ಕೆ ಹೆಂಗಸರು ಮಕ್ಕಳೆಲ್ಲ ಸೇರಿಕೊಳ್ಳುತ್ತಾರೆ. ಆಮೇಲೆ ಎತ್ತಿಕೊಟ್ಟವರ ದನಿ ಯಾವುದು ಎಂದು ಹುಡುಕಿದರೂ ಸಿಗುವುದಿಲ್ಲ. ಪದ ಯಾರೋ ದಾಸರದ್ದು, ರಾಗ ಯಾರದೋ. ಆದರೂ ಅವರಿಲ್ಲದ ಶನಿವಾರ ಭಜನೆ ಹತ್ತುತ್ತಲೇ ಇರಲಿಲ್ಲ. "ಅವನೇನು ಬರೆದನೇ, ರಾಗ ಹಾಕಿದನೇ" ಎಂದು ಜೆರ್ರಿಯ ಬಗ್ಗೆ ಹಗುರವಾಗಿ ಕೇಳುವವರಿಗೆ ನನ್ನ ಉತ್ತರ ಇದೊಂದೇ. ಪದ ಎತ್ತಿಕೊಡುವುದೂ ಒಂದು ಕೊಡುಗೆ. ಎಲ್ಲರಿಗೂ ನಿಲುಕುವ ಶ್ರುತಿಯಲ್ಲಿ ಎತ್ತಬೇಕು, ತನ್ನ ಗಮಕ ತೋರಿಸುವ ಆಸೆ ಬಿಡಬೇಕು. ಆ ರೆಕಾರ್ಡನ್ನು ಇನ್ನೊಮ್ಮೆ ಕೇಳಿ ನೋಡಿ. ಕೆಳದನಿಯಲ್ಲಿ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಶುರುಮಾಡುತ್ತಾನೆ. ಎಲ್ಲೂ ಕಂಠದ ಪ್ರದರ್ಶನ ಇಲ್ಲ. ಹತ್ತುತ್ತಾ ಹತ್ತುತ್ತಾ ಕೊನೆಗೆ ಒಂದು ಎತ್ತರಕ್ಕೆ ಒಯ್ಯುತ್ತಾನೆ. ಆ ಎತ್ತರವೂ ಬೀದಿಯಲ್ಲಿ ಹೋಗುವ ಮನುಷ್ಯ ಗಂಟಲು ಹರಿದುಕೊಂಡರೆ ಮುಟ್ಟಬಹುದಾದಷ್ಟೇ. ಅದಕ್ಕೇ ಅದು ಗ್ಲಾಸ್ಗೋದ ಸೆಲ್ಟಿಕ್‌ನವರಿಗೂ ಜರ್ಮನಿಯ ಡಾರ್ಟ್‌ಮುಂಡ್‌ನವರಿಗೂ ಒಲಿಯಿತು. ನಡುರಾತ್ರಿ ಬೆಂಗಳೂರಲ್ಲಿ ಟೀವಿ ಮುಂದೆ ಕೂತ ನನ್ನ ಗೆಳೆಯರ ಬಾಯಿಗೂ ಬಂತು.

2020ರ ಮಾರ್ಚ್ 20ರ ಬೆಳಿಗ್ಗೆ, ಊರೂರೇ ಬಾಗಿಲು ಹಾಕಿಕೊಳ್ಳುತ್ತಿದ್ದಾಗ, ಯುರೋಪಿನ ನೂರಕ್ಕೂ ಹೆಚ್ಚು ರೇಡಿಯೊ ಕೇಂದ್ರಗಳು ಒಂದೇ ಗಳಿಗೆಯಲ್ಲಿ ಜೆರ್ರಿಯ ಅದೇ ರೆಕಾರ್ಡ್ ಹಾಕಿದವು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿದೆ. ಶಿವಮೊಗ್ಗದಲ್ಲಿ ಅಮ್ಮ ಒಬ್ಬಳೇ ಇದ್ದಳು, ವಿಮಾನಗಳು ನಿಲ್ಲುವ ಸುದ್ದಿ ಬಂದಿತ್ತು. ಎಷ್ಟು ಅತ್ತೆನೋ ಗೊತ್ತಿಲ್ಲ.

ಹಾಗಾಗಿ ಅವನ ಸಾವಿನ ಹೊತ್ತು ನನ್ನನ್ನು ಇವತ್ತಿಗೂ ಕಾಡುತ್ತದೆ. ಆನ್‌ಫೀಲ್ಡ್‌ನಲ್ಲಿ ಆಗ ಸುಮಾರು 54 ಸಾವಿರ ಜನ ಹಿಡಿಯುತ್ತಿದ್ದರು. ಡಿಸೆಂಬರಿನಲ್ಲಿ ಎರಡು ಸಾವಿರ ಮಂದಿಯನ್ನು ಒಳಗೆ ಬಿಟ್ಟಿದ್ದವರು ಹೊಸ ವರ್ಷಕ್ಕೆ ಮತ್ತೆ ಗೇಟು ಹಾಕಿದ್ದರು. ಜೆರ್ರಿ ತೀರಿಕೊಂಡ ಮರುದಿನ ಲಿವರ್‌ಪೂಲ್ ತಂಡ ಸೌತಾಂಪ್ಟನ್ನಿನಲ್ಲಿ ಖಾಲಿ ಕಟ್ಟೆಗಳ ನಡುವೆ ಆಡಿ ಒಂದು ಗೋಲಿನಿಂದ ಸೋತಿತು. ಅದೇ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಘೋಷಣೆಯಾಯಿತು. ಐವತ್ತೇಳು ವರ್ಷ ಬೇರೆಯವರ ಸಾವಿಗೆಲ್ಲ ಹಾಡಾದವನು ತಾನು ಸತ್ತಾಗ ಹಾಡುವವರು ಒಂದೆಡೆ ಸೇರುವಂತಿರಲಿಲ್ಲ. ಜನ ತಮ್ಮ ತಮ್ಮ ಮನೆಯಲ್ಲಿ, ಒಬ್ಬೊಬ್ಬರೇ ಹಾಡಿಕೊಂಡರು. ಕೆಲವರು ಮೊಬೈಲಿನಲ್ಲಿ ಹಾಡಿ ಹಂಚಿದರು. ನಮ್ಮ ಬೀದಿಯಲ್ಲಿ ಒಂದು ಕಿಟಕಿ ತೆರೆಯಿತು. ನಾನು ನನ್ನ ಬಾಗಿಲಲ್ಲಿ, ಅವರು ಅವರ ಮೆಟ್ಟಿಲಲ್ಲಿ, ಎದುರು ಮನೆಯ ದಂಪತಿ ತಮ್ಮ ಗೇಟಿನ ಹತ್ತಿರ. ನಾಲ್ಕು ಜನ. ನನಗೆ ಪೂರ್ತಿ ಸಾಹಿತ್ಯ ಬರುತ್ತಿರಲಿಲ್ಲ, ಕೊನೆಯ ಸಾಲಿಗೆ ಮಾತ್ರ ಸೇರಿದೆ.

ಆಮೇಲಿನ ದಿನಗಳಲ್ಲಿ ಪಕ್ಕದ ಮನೆಯವರು ಜೆರ್ರಿಯ ಬಗ್ಗೆ ನೆನಪು ಮಾಡಿಕೊಳ್ಳುತ್ತಿದ್ದುದೆಲ್ಲ ಸಣ್ಣ ಸಣ್ಣದು. ಗಿಟಾರನ್ನು ಎದೆಗೇ ಕಟ್ಟಿಕೊಂಡಂತೆ ಮೇಲಕ್ಕೆ ಹಿಡಿಯುತ್ತಿದ್ದ ರೀತಿ, ಬಾಯಿ ತುಂಬಿದ ನಗು, ತಮ್ಮನ ಹಾಗೆ ಕಾಣುವ ಮುಖ. 2019ರ ಜೂನಿನಲ್ಲಿ ಆನ್‌ಫೀಲ್ಡ್‌ನಲ್ಲಿ ಟೇಕ್ ದಟ್ ತಂಡದ ಕಾರ್ಯಕ್ರಮ ನಡೆಯುವಾಗ, ನಿವೃತ್ತಿ ಹೇಳಿದ್ದ ಜೆರ್ರಿ ಯಾರಿಗೂ ಹೇಳದೆ ವೇದಿಕೆಗೆ ಬಂದು ಹಾಡಿದನಲ್ಲ, ಅವತ್ತು ಟಿಕೆಟ್ ಕೊಳ್ಳದೆ ಮನೆಯಲ್ಲಿ ಕೂತೆನಲ್ಲ ಎಂಬ ಹಳಹಳಿಯನ್ನು ಹತ್ತಾರು ಸಲ ಹೇಳಿರಬೇಕು.

2021ರ ಆಗಸ್ಟ್ 21ಕ್ಕೆ ಆನ್‌ಫೀಲ್ಡ್ ಮತ್ತೆ ತುಂಬಿತು. ಬರ್ನ್ಲಿ ವಿರುದ್ಧದ ಪಂದ್ಯ. ಪಕ್ಕದ ಮನೆಯವರು ಬೆಳಿಗ್ಗೆಯೇ ಅದೇ ಸ್ಕಾರ್ಫ್ ಸುತ್ತಿಕೊಂಡು ಹೊರಟರು. ಸಂಜೆ ಬಂದಾಗ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಜೆರ್ರಿಯ ರೆಕಾರ್ಡ್ ಹಾಕಿದರಾ ಎಂದು ಕೇಳಿದೆ.

"ಹಾಕಿದರು," ಅಂದರು, ಆ ಒಡೆದ ದನಿಯಲ್ಲೇ. "ಎರಡು ಸಾಲು ಕೇಳಿಸಿತು. ಆಮೇಲೆ ಅವನ ದನಿ ಕೇಳಿಸಲೇ ಇಲ್ಲ."