ಒಂದು ಒದೆಗೆ ಐವತ್ತು ರೂಪಾಯಿ

ಅಕ್ಟೋಬರ್ 4, ವಿಶ್ವ ಪ್ರಾಣಿ ದಿನ ಅಂತ ಮುಂಬೈ ಹತ್ರದ ಡೊಂಬಿವಲಿಯ ನಮ್ಮ ಸೊಸೈಟಿ ಗೇಟಿಗೆ ಹತ್ತಡಿ ಫ್ಲೆಕ್ಸ್ ಬಿತ್ತು. 'ಮುಕ್ಯಾ ಪ್ರಾಣ್ಯಾಂವರ್ ಪ್ರೇಮ್ ಕರಾ', ಅಂದ್ರೆ ಮೂಕ ಪ್ರಾಣಿಗಳನ್ನ ಪ್ರೀತಿಸಿ ಅಂತ ಮರಾಠಿಲಿ. ಅದರಲ್ಲಿ ಗೂಗಲ್‌ನಿಂದ ಇಳಿಸಿದ ಒಂದು ಲ್ಯಾಬ್ರಡಾರ್, ಸುತ್ತ ಕೈಮುಗಿದು ನಿಂತ ಕಮಿಟಿಯವರ ಹನ್ನೊಂದು ಮುಖ. ಡಿಸೈನ್ ಮಾಡಿದ ಹುಡುಗ ಗೌರವ ಇರ್ಲಿ ಅಂತ ನಾಯಿಗೊಂದು ಚೆಂಡುಹೂವಿನ ಹಾರನೂ ಹಾಕಿಬಿಟ್ಟಿದ್ದ. ಮೂರನೇ ಮಾಳಿಗೆಯ ಧಾರವಾಡದ ಅಜ್ಜಿ ನಿಂತು ನೋಡಿ, "ಪಾಪ, ಯಾವಾಗ ಹೋತೋ ತಮ್ಮಾ ಇದು?" ಅಂದ್ರು.

ಕಾರ್ಯಕ್ರಮದಲ್ಲಿ ಸೆಕ್ರೆಟರಿ ಸಾಹೇಬ್ರು ಮೈಕ್ ಹಿಡಿದು ಪ್ರಾಣಿ ಹಿಂಸೆ ಮಾಡಿದ್ರೆ ಕಾನೂನು ಸುಮ್ನೆ ಬಿಡಲ್ಲ ಅಂತ ಗುಡುಗಿದ್ರು. ಎಷ್ಟು ಬಿಡಲ್ಲ ಅಂತ ನಾನು ಅಲ್ಲೇ ಮೊಬೈಲ್ ತೆಗೆದು ನೋಡಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಸೆಕ್ಷನ್ 11. ಮೊದಲ ಸಲ ಒದ್ರೆ, ಹೊಡೆದ್ರೆ ದಂಡ ಹತ್ತು ರೂಪಾಯಿಯಿಂದ ಐವತ್ತು. ಮೂರು ವರ್ಷದೊಳಗೆ ಮತ್ತೆ ಒದ್ರೆ ಇಪ್ಪತ್ತೈದರಿಂದ ನೂರು, ಇಲ್ಲಾಂದ್ರೆ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. (ಕೊಂದ್ರೆ, ಕೈಕಾಲು ಮುರಿದ್ರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಸೆಕ್ಷನ್ 325 ಅಂತ ಬೇರೆ ಇದೆ, ಐದು ವರ್ಷದವರೆಗೆ. ಅಂದ್ರೆ ಒದೆಯೋನು ಸ್ವಲ್ಪ ಲೆಕ್ಕಾಚಾರದಲ್ಲಿ ಒದೀಬೇಕು ಅಷ್ಟೆ.) ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ಈ ಕಾನೂನಿಗೆ ದಾರಿ ಮಾಡಿದ ಕಾಲಕ್ಕೆ ಐವತ್ತು ದೊಡ್ಡ ದುಡ್ಡೇ ಬಿಡಿ, ಆಮೇಲೆ ಎಲ್ಲದರ ರೇಟೂ ಏರಿತು, ಒದೆಯದ್ದು ಒಂದು ಬಿಟ್ಟು. 2022ರಲ್ಲಿ ತಿದ್ದುಪಡಿ ಕರಡು ಹೊರಗೆ ಬಿಟ್ಟು ಜನರ ಅಭಿಪ್ರಾಯ ಕೇಳಿದ್ರು, ಜನ ಅಭಿಪ್ರಾಯ ಕೊಟ್ರು, ಅಲ್ಲಿಗೆ ಚಾ ಬಿಸ್ಕೆಟ್.

ಡೊಂಬಿವಲಿ ಲೋಕಲ್‌ನಲ್ಲಿ ಟಿಕೆಟ್ ಇಲ್ದೆ ಸಿಕ್ರೆ ಕನಿಷ್ಠ 250 ಕಕ್ಕಬೇಕು, ಅದೇ ಪ್ಲಾಟ್‌ಫಾರ್ಮಲ್ಲಿ ಮಲಗಿದ ನಾಯಿಗೆ ಒದ್ದು ಹೋದ್ರೆ ಐವತ್ತಕ್ಕೆ ಮುಗೀತು. ಪಕ್ಕದಲ್ಲಿ ಕೂತಿದ್ದ ಹೋಟೆಲ್ ಶೆಟ್ರಿಗೆ ಹೇಳಿದ್ರೆ, "ಎಂತ ಮಾರಾಯ್ರೆ, ಐವತ್ತಕ್ಕೆ ನಮ್ಮಲ್ಲಿ ಒಂದು ಮಸಾಲೆ ದೋಸೆ ಸಹ ಬರೂದಿಲ್ಲ" ಅಂದ್ರು.

ಭಾಷಣ ಆದ್ಮೇಲೆ ಅಸಲಿ ಯುದ್ಧ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮ ಪ್ರಕಾರ ಬೀದಿನಾಯಿಗೆ ಊಟ ಹಾಕೋಕೆ ಜಾಗ ಗೊತ್ತು ಮಾಡೋದು ಸೊಸೈಟಿ ಕೆಲಸ, ಮೆಟ್ಟಿಲು, ಗೇಟು, ಮಕ್ಕಳು ಆಡೋ ಕಡೆ ಬಿಟ್ಟು. ಎ ವಿಂಗ್‌ನವ್ರು ಬಿ ವಿಂಗ್ ಹಿಂದೆ ಪ್ರಶಸ್ತ ಅಂದ್ರು, ಬಿ ವಿಂಗ್‌ನವ್ರಿಗೆ ವಾಸ್ತು ಪ್ರಕಾರ ಸಿ ವಿಂಗ್ ಮೂಲೆನೇ ಸರಿ ಅನ್ನಿಸ್ತು, ಸಿ ವಿಂಗ್‌ನ ಒಬ್ಬರು ನಾವು ಶುದ್ಧ ಶಾಕಾಹಾರಿಗಳು ನಮ್ಮ ಕಿಟಕಿ ಕೆಳಗೆ ಬೇಡ ಅಂತ ಎದ್ದು ನಿಂತ್ರು, ಅಜ್ಜಿ ಹಾಕೋದು ಹಾಲು ಚಪಾತಿ ಅಂತ ಯಾರು ಹೇಳಿದ್ರೂ ಕೇಳೋ ಸ್ಥಿತಿಲಿ ಇರ್ಲಿಲ್ಲ. ಪ್ರಾಣಿಪ್ರೇಮಕ್ಕೆ ಒಬ್ಬರ ವಿರೋಧನೂ ಇಲ್ಲ, ಪಕ್ಕದ ವಿಂಗಲ್ಲಿ ನಡೀಬೇಕು ಅಷ್ಟೆ. ಎರಡು ತಾಸು ಆದ್ಮೇಲೆ ಒಮ್ಮತದಿಂದ ಜಾಗ ಸಿಕ್ತು, ರಸ್ತೆ ಆಚೆ ಇನ್ನೊಂದು ಸೊಸೈಟಿಯ ಗೇಟ್ ಎದುರು.

ಎಂಬತ್ತು ದಾಟಿದ ಅಜ್ಜಿ ರಸ್ತೆ ದಾಟ್ತಾರಾ? ಮರುದಿನ ಎಂದಿನಂತೆ ಮೆಟ್ಟಿಲ ಹತ್ರನೇ ನಾಯಿಗೆ ಚಪಾತಿ ಹಾಕಿದ್ರು, ಸಿಸಿಟಿವಿಲಿ ಸಿಕ್ಕಿಬಿದ್ರು, ದಂಡ ಐನೂರು. ಅವತ್ತೇ ಪಾರ್ಕಿಂಗಲ್ಲಿ ಆ ನಾಯಿಗೆ ಬೂಟುಗಾಲಲ್ಲಿ ಒದ್ದವರೂ ಅದೇ ಕ್ಯಾಮೆರಾದಲ್ಲಿ ಇದ್ರು, ಫ್ಲೆಕ್ಸ್‌ನಲ್ಲಿ ಎಡದಿಂದ ಮೂರನೆಯವರು. ಅದು ಸೊಸೈಟಿ ಬೈಲಾದಲ್ಲಿ ಬರಲ್ವಂತೆ.

"ಐನೂರಾ? ಹತ್ತು ಸಲ ಒದೀಬಹುದಿತ್ತಲ್ರೀ ಅಷ್ಟರಲ್ಲಿ" ಅಂದ್ರು ಶೆಟ್ರು. ಅಜ್ಜಿ ಮಾತಾಡದೆ ದುಡ್ಡು ಎಣಿಸಿ ಕೊಟ್ಟು, ಕನ್ನಡಕ ತಂದಿಲ್ಲ ನೀನೇ ಓದಪಾ ಅಂತ ರಸೀದಿ ನನ್ನ ಕೈಗಿಟ್ರು. ಯಾವ ಬಾಬ್ತು ಅನ್ನೋ ಕಡೆ ಖಜಾಂಚಿ ದುಂಡಗೆ ಬರೆದಿದ್ದ: ಪ್ರಾಣಿ ಕಲ್ಯಾಣ ನಿಧಿ, ಫ್ಲೆಕ್ಸ್ ಖರ್ಚು.